ಹನ್ನೊಂದನೆಯ ಗುಬ್ಬಚ್ಚಿಯ ಕಾಲು

ಮತ್ಸುಯೆ ಊರಿನಲ್ಲಿ ಕೋಟೆಯ ಕಂದಕ ದಾಟಿ, ಅಂಟಿನ ಕಿನುಯೊ ಮನೆ ಯಾವುದು ಎಂದು ಕೇಳಿದರೆ ಮೀನಿನ ಅಂಗಡಿಯವನೂ ತೋರಿಸುತ್ತಾನೆ, ಪೋಸ್ಟಿನವನೂ ತೋರಿಸುತ್ತಾನೆ. ಎಪ್ಪತ್ತನಾಲ್ಕು ವರ್ಷದ ಈ ಕಿನುಯೊ ನಲವತ್ತೆಂಟು ವರ್ಷ ಮಾಡಿದ್ದು ಒಂದೇ ಕೆಲಸ. ಹಳೆಯ ಸುರುಳಿ ಚಿತ್ರಗಳ ಬೆನ್ನಿನ ಕಾಗದ ಬಿಡಿಸುವುದು, ಹುಳು ತಿಂದ ತೂತುಗಳಿಗೆ ತೇಪೆ ಕೂರಿಸುವುದು, ಹೊಸ ಬೆನ್ನು ಕಟ್ಟಿ, ಸುತ್ತ ರೇಷ್ಮೆಯ ಅಂಚು ಹೊಂದಿಸಿ, ಕೆಳಗೊಂದು ಮರದ ಕೋಲು ಸೇರಿಸಿ ಮತ್ತೆ ಗೋಡೆಗೆ ತೂಗುವ ಹಾಗೆ ಮಾಡುವುದು. ಸುತ್ತಮುತ್ತಲ ಮಠಗಳಲ್ಲಿ ಎಷ್ಟೋ ಚಿತ್ರಗಳು ಇವತ್ತಿಗೂ ಸುಕ್ಕಿಲ್ಲದೆ ತೂಗುತ್ತಿರುವುದು ಅವಳ ಕೈಗುಣದಿಂದ. ಹಾಗೆಂದು ಅವಳ ಹೆಸರು ಎಲ್ಲಾದರೂ ಇದೆಯೇ ಎಂದು ಹುಡುಕಬೇಡಿ. ಬರೆದವನ ಹೆಸರು ಚಿತ್ರದ ಮೇಲಿರುತ್ತದೆ, ದಾನ ಕೊಟ್ಟವನ ಹೆಸರು ಪೆಟ್ಟಿಗೆಯ ಮೇಲಿರುತ್ತದೆ, ಬೆನ್ನು ಕಟ್ಟಿದವಳ ಹೆಸರು ಎಲ್ಲೂ ಇರುವುದಿಲ್ಲ. ಯಾರಾದರೂ ಅದರ ಮಾತೆತ್ತಿದರೆ, ಬೆನ್ನು ಕಣ್ಣಿಗೆ ಬಿತ್ತು ಅಂದರೆ ಕೆಲಸ ಕೆಟ್ಟಿದೆ ಅಂತ ಲೆಕ್ಕ ಎಂದು ಕಿನುಯೊ ಮಾತು ಮುಗಿಸಿಬಿಡುತ್ತಾಳೆ.

ಕೆಲಸ ಬಿಟ್ಟು ಏಳು ವರ್ಷವಾದರೂ ಅಂಟು ಮಾಡುವುದನ್ನು ಮಾತ್ರ ಅವಳು ಬಿಟ್ಟಿಲ್ಲ. ಜನವರಿ ಕೊನೆಯ ಕೊರೆಯುವ ಚಳಿಯಲ್ಲಿ, ಬೇರೆಯವರು ಕಾಲು ಹೊರಗೆ ಚಾಚಲೂ ಹೆದರುವಾಗ, ಇವಳು ಹಿತ್ತಲಿನಲ್ಲಿ ದೊಡ್ಡ ಪಾತ್ರೆಯಿಟ್ಟು ಗೋದಿಯ ಹಾಲು ಕಾಯಿಸುತ್ತಾಳೆ. ಆ ಅಂಟನ್ನು ಜಾಡಿಗೆ ತುಂಬಿ, ಮೇಲೆ ನೀರು ನಿಲ್ಲಿಸಿ, ನೆಲದ ಹಲಗೆ ಎತ್ತಿ ಕೆಳಗಿಡುತ್ತಾಳೆ. ವರ್ಷಕ್ಕೊಮ್ಮೆ ನೀರು ಬದಲಿಸಬೇಕು, ಬೂಷ್ಟು ತೆಗೆಯಬೇಕು. ಹತ್ತು ವರ್ಷ ಆದ ಮೇಲೆ ಅದು ಕೆಲಸಕ್ಕೆ ಬರುತ್ತದೆ. ಅಷ್ಟು ಹಳೆಯ ಅಂಟು ಗಟ್ಟಿಯಾಗಿ ಹಿಡಿಯುವುದಿಲ್ಲ, ಹಿಡಿಯಲೂಬಾರದು. ಮುಂದೆ ನೂರು ವರ್ಷದ ನಂತರ ಯಾರೋ ಮತ್ತೆ ಬಿಡಿಸಿ ಸರಿಮಾಡಬೇಕಾದರೆ, ಒದ್ದೆ ಕುಂಚ ತಾಗಿಸಿದ ಕೂಡಲೇ ಬಿಟ್ಟುಕೊಡಬೇಕು. ಈಗ ನೆಲದ ಕೆಳಗೆ ಹನ್ನೊಂದು ಜಾಡಿಗಳಿವೆ. ಮಗ ತೆಪ್ಪೇ, ಕೆರೆದಂಡೆಯ ಬಸ್ಸು ಓಡಿಸುವವನು, ಈ ಮನೆಯಲ್ಲಿ ಜಾಡಿಗಳಿಗಿರುವ ಮರ್ಯಾದೆ ತನ್ನ ಬೂಟುಗಳಿಗಿಲ್ಲ ಎಂದು ಗೊಣಗುತ್ತಲೇ ಪ್ರತಿವರ್ಷ ಹಲಗೆ ಎತ್ತಿಕೊಡುತ್ತಾನೆ.

ಈ ಸಲ ಅಂಟು ಕಾಯಿಸಿದ ವಾರದಲ್ಲೇ ಮೊಮ್ಮಗಳು ಸುಜು ಶಿಶುವಿಹಾರದಲ್ಲಿ ಒಂದು ಘನಕಾರ್ಯ ಮಾಡಿ ಬಂದಳು. ಅವಳಿಗೆ ಐದು ವರ್ಷ. ಪಕ್ಕದಲ್ಲಿ ಕೂರುವ ರಿನ್ ಎಂಬ ಹುಡುಗಿ ಒಂದು ಬೆಕ್ಕು ಬರೆದಿದ್ದಳು, ಅದಕ್ಕೆ ಮೂರೇ ಕಾಲು. ಸುಜು ಕಪ್ಪು ಬಣ್ಣದ ಕಡ್ಡಿ ತೆಗೆದುಕೊಂಡು ನಾಲ್ಕನೆಯದನ್ನು ತಾನೇ ಬರೆದುಬಿಟ್ಟಳು. ರಿನ್ ಅತ್ತ ಅಳು ಮೂರು ಕೋಣೆ ಆಚೆಗೂ ಕೇಳಿಸಿತಂತೆ. ಸಂಜೆ ಕಿನುಯೊ ಮಿಠಾಯಿಯ ಡಬ್ಬಿಯೊಂದನ್ನು ಬಟ್ಟೆಯಲ್ಲಿ ಕಟ್ಟಿ, ಮಗುವಿನ ಕೈಹಿಡಿದು ರಿನ್ ಮನೆಗೆ ಹೋದಳು. ಡಬ್ಬಿ ಎರಡು ಕೈಯಲ್ಲಿ ಕೊಡಿಸಿ, ಸೊಂಟದವರೆಗೆ ಬಗ್ಗಿಸಿ, ತಪ್ಪಾಯಿತು ಎಂದು ಹೇಳಿಸಿದಳು. ಹಿಂದಿರುಗುವಾಗ ಮಗು ದಾರಿಯುದ್ದಕ್ಕೂ ಮುಖ ಊದಿಸಿಕೊಂಡಿತ್ತು.

"ಬೆಕ್ಕಿಗೆ ನಾಲ್ಕು ಕಾಲು ಇರುತ್ತೆ ತಾನೇ ಅಜ್ಜಿ?"

"ಇರುತ್ತೆ. ಆದ್ರೆ ಅದು ರಿನ್ ಬೆಕ್ಕು. ಇನ್ನೊಬ್ಬರ ಕಾಗದದ ಮೇಲೆ ಕೈ ಇಡಬಾರ್ದು. ಚೆನ್ನಾಗಿ ಮಾಡ್ತೀನಿ ಅಂತಾನೂ ಇಡಬಾರ್ದು."

ಹಾಗೆ ಹೇಳಿ ಕಿನುಯೊ ಹೆಜ್ಜೆ ಚುರುಕಾಗಿಸಿದಳು. ಏಕೆಂದರೆ ಅವಳೂ ಒಮ್ಮೆ ಇಟ್ಟಿದ್ದಳು. ಐವತ್ತೊಂದು ವರ್ಷವಾಯಿತು, ಅದನ್ನು ಗಂಡನಿಗೂ ಹೇಳಿರಲಿಲ್ಲ.

ಹತ್ತೊಂಬತ್ತನೆಯ ವಯಸ್ಸಿಗೆ ಅವಳು ನೊಜು ಮೇಷ್ಟ್ರ ಕೆಲಸದಮನೆ ಸೇರಿದಾಗ ಅಲ್ಲಿದ್ದ ಹೆಣ್ಣು ಅವಳೊಬ್ಬಳೇ. ಮೊದಲ ಮೂರು ವರ್ಷ ಕುಂಚ ತೊಳೆದಳು, ಅಂಟು ಸೋಸಿದಳು. ಮೇಷ್ಟ್ರು ಹೊಗಳುವವರಲ್ಲ, ಬಯ್ಯುವವರೂ ಅಲ್ಲ. ಹೇಳಿಕೊಟ್ಟದ್ದು ಮುಖ್ಯವಾಗಿ ಒಂದೇ ಮಾತು. ತೂತಿಗೆ ತೇಪೆ ಹಾಕು, ತೇಪೆಗೆ ಸುತ್ತಲಿನ ಬಣ್ಣಕ್ಕಿಂತ ಒಂದು ಗುಲಗಂಜಿಯಷ್ಟು ತೆಳು ಬಣ್ಣ ಕೊಡು, ಅಲ್ಲಿಗೆ ನಿಲ್ಲಿಸು. ಅಲ್ಲಿ ಏನಿತ್ತೋ ನಿನಗೆ ಗೊತ್ತಿಲ್ಲ. ಗೊತ್ತಿದ್ದರೂ ಬರೆಯುವುದು ನಿನ್ನ ಕೆಲಸವಲ್ಲ.

ನಾಲ್ಕನೆಯ ವರ್ಷ ಬಿದಿರಿನ ಮಠದಿಂದ ಒಂದು ಚಿತ್ರ ಬಂತು. ಇನ್ನೂರು ವರ್ಷದ ಹಿಂದೆ ಅದೇ ಮಠದ ಸನ್ಯಾಸಿಯೊಬ್ಬ ಬರೆದದ್ದು. ಹಿಮ ಕೂತ ಬಿದಿರು, ಅದರ ಮೇಲೆ ಹನ್ನೊಂದು ಗುಬ್ಬಚ್ಚಿ. ತೀರ ಕೆಳಗಿನ ಗುಬ್ಬಚ್ಚಿಯ ಕಾಲಿದ್ದ ಜಾಗವನ್ನು ಹುಳು ತಿಂದುಬಿಟ್ಟಿತ್ತು. ತೇಪೆ ಕೂರಿಸಿ ಒಣಗಲು ಹಲಗೆಗೆ ಹಚ್ಚಿದ್ದಾಗ ಮಠದ ಗುರುಗಳ ವಯಸ್ಸಾದ ತಾಯಿ ನೋಡಲು ಬಂದರು. ಆ ಚಳಿಗಾಲ ದಾಟುವುದು ಕಷ್ಟ ಎಂದು ವೈದ್ಯರು ಹೇಳಿದ್ದರು. ಚಿತ್ರವನ್ನು ಬಹಳ ಹೊತ್ತು ನೋಡಿ, ಪಾಪ, ಇದು ಹೇಗೆ ನಿಲ್ಲುತ್ತೆ ಎಂದಷ್ಟೇ ಹೇಳಿ ಹೊರಟುಹೋದರು. ಮಧ್ಯಾಹ್ನ ಮೇಷ್ಟ್ರು ಊಟಕ್ಕೆ ಎದ್ದುಹೋದರು. ಕಿಟಕಿಯ ಕಟ್ಟೆಗೆ ದಿನಾ ಬರುವ ಗುಬ್ಬಚ್ಚಿ ಅವತ್ತೂ ಬಂದು ಕೂತಿತ್ತು. ಕಿನುಯೊ ಅದರ ಕಾಲು ನೋಡಿದಳು, ಕುಂಚ ತೆಗೆದುಕೊಂಡಳು, ತೇಪೆಯ ಮೇಲೆ ಮೂರು ಸಣ್ಣ ಗೆರೆ ಎಳೆದಳು. ಕರುಣೆಯಿತ್ತು, ನಿಜ. ಆದರೆ ತನ್ನ ಕೈ ಇದನ್ನು ಮಾಡಬಲ್ಲದು ಎಂಬ ಕೊಬ್ಬೂ ಇತ್ತು. ಅದನ್ನು ಅವಳು ತನ್ನಿಂದಲೇ ಎಂದೂ ಮುಚ್ಚಿಡಲಿಲ್ಲ.

ಮೇಷ್ಟ್ರ ಕಣ್ಣಿಗೆ ಆ ಹೊತ್ತಿಗೆ ಪೊರೆ ಬರತೊಡಗಿತ್ತು. ಅವರು ಚಿತ್ರವನ್ನು ಮೇಲಿಂದ ಕೆಳಗೆ ನೋಡಿ, ಕೆಲಸ ಚೆನ್ನಾಗಿದೆ ಎಂದರು. ಹದಿನಾರು ವರ್ಷ ಅವರ ಕೈಕೆಳಗೆ ದುಡಿದ ಕಿನುಯೊಗೆ ಸಿಕ್ಕ ಒಂದೇ ಹೊಗಳಿಕೆ ಅದು. ಅದನ್ನು ಅವಳು ಉಗುಳಲೂ ಆಗದೆ ನುಂಗಲೂ ಆಗದೆ ಇಷ್ಟು ವರ್ಷ ಬಾಯಲ್ಲಿಟ್ಟುಕೊಂಡಿದ್ದಳು. ಮುಂದೆ ಯಾರ ಚಿತ್ರದ ಮೇಲೂ ಅವಳು ಒಂದು ಚುಕ್ಕೆ ಇಡಲಿಲ್ಲ. ಗಿರಾಕಿಗಳು ಬೇಡಿಕೊಂಡರೂ ಇಡಲಿಲ್ಲ. ಈ ಹೆಂಗಸಿನ ಬಿಗಿ ಬಹಳವಾಯಿತು ಎಂದು ಬೈದುಕೊಂಡೇ ಅವರು ಮತ್ತೆ ಅವಳ ಹತ್ತಿರವೇ ಬರುತ್ತಿದ್ದರು.

ರಿನ್ ಮನೆಗೆ ಹೋಗಿಬಂದ ಎರಡು ದಿನಕ್ಕೆ ಸೊಸೆ ಮಿಸಾತೊ ಹಲ್ಲಿನ ಆಸ್ಪತ್ರೆಯ ಕೆಲಸ ಮುಗಿಸಿ ಬರುವಾಗ ಒಂದು ಕಾಗದ ತಂದಳು. ಕೋಟೆಯ ಹಿಂದಿನ ಚಿಕ್ಕ ಕಲಾ ಸಂಗ್ರಹಾಲಯದಲ್ಲಿ ಭಾನುವಾರ ಮಕ್ಕಳ ದಿನವಂತೆ. ಅವತ್ತು ಮಾತ್ರ ಒಳಗೆ ಎಷ್ಟು ಬೇಕಾದರೂ ಮಾತಾಡಬಹುದು, ಅಳಬಹುದು, ಯಾರೂ ಬೆರಳು ತುಟಿಯ ಮೇಲಿಟ್ಟು ಶ್ ಅನ್ನುವುದಿಲ್ಲ. ಕಾಗದದ ಮೇಲೆ ಚಿತ್ರವೂ ಇತ್ತು. ಬಿದಿರಿನ ಮಠದವರು ತಮ್ಮ ಹನ್ನೊಂದು ಗುಬ್ಬಚ್ಚಿಗಳನ್ನು ಮೊದಲ ಸಲ ಹೊರಗೆ ಕಳಿಸಿದ್ದರು.

ಕಿನುಯೊ ಮಂಡಿನೋವಿನ ನೆಪ ಹೇಳಿದಳು. ಮೊನ್ನೆ ತಾನೇ ಅಷ್ಟು ದೊಡ್ಡ ಅಂಟಿನ ಪಾತ್ರೆ ಎತ್ತಿದ ಮಂಡಿ ಅದೇ ಅಲ್ಲವೇ ಎಂದು ತೆಪ್ಪೇ ನಕ್ಕ. ಕೊನೆಗೆ ಅವಳು ಹೊರಟದ್ದು ಮೊಮ್ಮಗಳ ಹಟಕ್ಕಲ್ಲ. ವರ್ಷಕ್ಕೊಮ್ಮೆ ಮಠದ ಕತ್ತಲ ಕೋಣೆಯಲ್ಲಿ ಮೂರು ದಿನ ತೂಗುವ ಚಿತ್ರ ಈಗ ದೀಪದ ಕೆಳಗೆ ಬಂದಿದೆ. ಆ ಮೂರು ಗೆರೆ ಕಣ್ಣಿಗೆ ಬೀಳುತ್ತವೆಯೋ ಇಲ್ಲವೋ ಅವಳು ನೋಡಲೇಬೇಕಿತ್ತು. ಬಿದ್ದರೆ ನೊಜು ಮೇಷ್ಟ್ರ ಹೆಸರು ಹೋಯಿತು, ಕೀಲಿಯಿಲ್ಲದ ಪೆಟ್ಟಿಗೆಯಲ್ಲಿ ಚಿತ್ರ ಕಳಿಸಿಕೊಟ್ಟ ಮಠದವರ ನಂಬಿಕೆ ಹೋಯಿತು, ತನ್ನ ಐವತ್ತು ವರ್ಷದ ಬಿಗಿಯೂ ನಗೆಪಾಟಲಾಯಿತು.

ಭಾನುವಾರ ಸಂಗ್ರಹಾಲಯದ ತುಂಬ ಮಕ್ಕಳ ಚಿಲಿಪಿಲಿ. ಕೋಟು ಚೀಲಗಳನ್ನು ಬೀರುವಿನಲ್ಲಿಟ್ಟು, ಪೆನ್ನು ಒಳಗೆ ಬೇಡವೆಂದು ಬಾಗಿಲಲ್ಲಿ ಕೊಟ್ಟ ಮೋಟು ಪೆನ್ಸಿಲ್ಲನ್ನೂ ಒಂದು ಹಾಳೆಯನ್ನೂ ಹಿಡಿದು ನಾಲ್ವರೂ ಒಳಗೆ ಹೋದರು. ಕಿನುಯೊ ಮೊಮ್ಮಗಳಿಗೆ ಕೈಗಳನ್ನು ಬೆನ್ನಹಿಂದೆ ಕಟ್ಟಿಕೊಳ್ಳುವುದನ್ನು ಹೇಳಿಕೊಟ್ಟಳು. ಚಿತ್ರದ ಮುಂದೆ ಕೈ ಹಿಂದೆ, ಕಣ್ಣು ಮುಂದೆ. ಇಬ್ಬರೂ ಹಾಗೆ ಕೈಕಟ್ಟಿ ಬಗ್ಗಿ ಬಗ್ಗಿ ನೋಡುತ್ತಾ ಹೋಗುವುದನ್ನು ಕಂಡು, ಮೂಲೆಯಲ್ಲಿ ಕಾಲಮೇಲೆ ಕಂಬಳಿ ಹೊದ್ದು ಕೂತಿದ್ದ ಕಾವಲಿನ ಹೆಂಗಸು ನಕ್ಕಳು. ಅಜ್ಜಿ ನೋಡುತ್ತಿದ್ದದ್ದು ಚಿತ್ರಗಳನ್ನಲ್ಲ, ಅಂಚುಗಳನ್ನು. ಇದರ ಕೋಲು ಭಾರ ಜಾಸ್ತಿಯಾಯಿತು, ಇದಕ್ಕೆ ಅಂಟು ಅವಸರದಲ್ಲಿ ಹಾಕಿದ್ದಾರೆ, ಇದನ್ನು ಕಟ್ಟಿದವನಿಗೆ ಕೈ ಇದೆ, ಎಂದು ಒಂದೊಂದಕ್ಕೂ ಒಂದೊಂದು ತೀರ್ಪು. ಮದುವೆಮನೆಗೆ ಹೋಗಿ ಊಟ ಬಿಟ್ಟು ಎಲೆ ನೋಡುವವಳು ನಮ್ಮಮ್ಮ ಎಂದು ತೆಪ್ಪೇ ಹೆಂಡತಿಯ ಕಿವಿಯಲ್ಲಿ ಹೇಳಿದ.

ಗುಬ್ಬಚ್ಚಿಗಳು ಕೊನೆಯ ಕೋಣೆಯಲ್ಲಿದ್ದವು. ಕಿನುಯೊ ಮೊದಲು ಮೇಲಿನ ಅಂಚು ನೋಡಿದಳು, ಆಮೇಲೆ ಎರಡು ಬದಿ, ಆಮೇಲೆ ಕೋಲು. ಐವತ್ತೊಂದು ವರ್ಷವಾದರೂ ಒಂದು ಅಲೆ ಎದ್ದಿರಲಿಲ್ಲ, ಒಂದು ಮೂಲೆ ಮಡಚಿರಲಿಲ್ಲ. ಚಿತ್ರ ಗೋಡೆಯ ಮೇಲೆ ಉಸಿರು ಬಿಟ್ಟು ಹಗುರವಾಗಿ ನಿಂತಿತ್ತು. ಇಪ್ಪತ್ತಮೂರರ ಹುಡುಗಿ ಮಾಡಿದ ಕೆಲಸ ಇದು ಎಂದು ಅವಳಿಗೆ ಹೆಮ್ಮೆಯಾಯಿತು, ಕಣ್ಣು ತುಂಬಿತು. ಅದಾದ ಮೇಲೆ ಕಣ್ಣು ಕೆಳಗಿಳಿಸಿದಳು. ಮೂರು ಗೆರೆ ಇದ್ದವು. ಗೊತ್ತಿಲ್ಲದವರಿಗೆ ಏನೂ ಕಾಣುವುದಿಲ್ಲ ಎಂದು ಸಮಾಧಾನ ಮಾಡಿಕೊಳ್ಳುವಷ್ಟರಲ್ಲಿ ಸುಜು ಹಾಳೆಯಲ್ಲಿದ್ದ ಪ್ರಶ್ನೆಯನ್ನು ಅಮ್ಮನಿಂದ ಓದಿಸಿಕೊಂಡಳು. ಹನ್ನೊಂದು ಗುಬ್ಬಚ್ಚಿಗಳಲ್ಲಿ ಒಂದು ಮಾತ್ರ ಬೇರೆ ಥರ ಇದೆ, ಯಾವುದು?

ಮಗು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಒಂದೊಂದೇ ಗುಬ್ಬಚ್ಚಿಯ ಕೊಕ್ಕು ನೋಡಿತು, ಬಾಲ ನೋಡಿತು, ಕಾಲಿಗೆ ಬಂದಿತು.

"ಎಲ್ಲಾದಕ್ಕೂ ಎರಡೆರಡೇ ಬೆರಳು. ಕೆಳಗಡೆ ಇರೋದಕ್ಕೆ ಮಾತ್ರ ಮೂರು," ಎಂದಳು ಸುಜು.

ಆಗ ಕಿನುಯೊ ನೋಡಿದಳು. ಹೌದು. ಆ ಸನ್ಯಾಸಿ ಕುಂಚವನ್ನು ಒಮ್ಮೆ ಒತ್ತಿ, ತುದಿ ಸೀಳಿ, ಒಂದೇ ಏಟಿಗೆ ಎರಡು ಬೆರಳು ಮೂಡಿಸುತ್ತಿದ್ದ. ಹತ್ತು ಗುಬ್ಬಚ್ಚಿಗೂ ಹಾಗೆಯೇ. ಕಿನುಯೊ ಅವತ್ತು ಕಿಟಕಿಯಲ್ಲಿದ್ದ ನಿಜವಾದ ಗುಬ್ಬಚ್ಚಿ ನೋಡಿ ಮೂರು ಬೆರಳು ಬರೆದಿದ್ದಳು. ಅವಳು ಬರೆದ ಕಾಲು ಸರಿಯಾಗಿತ್ತು, ಅದಕ್ಕೇ ತಪ್ಪಾಗಿತ್ತು. ಅಷ್ಟು ವರ್ಷ ಗೆರೆಗಳನ್ನು ನೆನೆದು ನೆನೆದು ನವೆದವಳಿಗೆ ಇಷ್ಟು ಸಣ್ಣ ವಿಷಯ ಒಮ್ಮೆಯೂ ಹೊಳೆದಿರಲಿಲ್ಲ.

ಸಂಗ್ರಹಾಲಯದ ಚಿತ್ರಗಳನ್ನು ನೋಡಿಕೊಳ್ಳುವ ಫುಕುಮಾ ಎಂಬ ಕನ್ನಡಕದ ಹುಡುಗಿ ಬಂದು ಸುಜುವಿನ ಹಾಳೆಗೆ ಗುಬ್ಬಚ್ಚಿಯ ಮುದ್ರೆ ಒತ್ತಿದಳು. ಮೂವತ್ತು ದಾಟಿರಲಾರದು, ಮಾತಿನಲ್ಲಿ ಉತ್ಸಾಹ ಉಕ್ಕುತ್ತಿತ್ತು. ಸುತ್ತ ಸೇರಿದ ಮಕ್ಕಳಿಗೆ ಅವಳು ಹೇಳಿದ್ದಿಷ್ಟು. ಈ ಸನ್ಯಾಸಿ ಜೀವನವಿಡೀ ಎರಡು ಬೆರಳಿನ ಗುಬ್ಬಚ್ಚಿಯನ್ನೇ ಬರೆದವನು. ಕೊನೆಗಾಲದಲ್ಲಿ ಒಂದು ದಿನ ಕಿಟಕಿಯಲ್ಲಿ ನಿಜವಾದ ಗುಬ್ಬಚ್ಚಿಯನ್ನು ಸರಿಯಾಗಿ ನೋಡಿರಬೇಕು. ನೋಡಿ, ಇಷ್ಟು ದಿನ ನಾನು ನೋಡಲೇ ಇಲ್ಲವಲ್ಲ ಎಂದು ನಾಚಿಕೊಂಡು ಈ ಒಂದಕ್ಕೆ ಮೂರು ಬೆರಳಿಟ್ಟಿರಬೇಕು. ಇದರ ಮೇಲೆ ಮೂರು ತಿಂಗಳು ಕೂತು ಒಂದು ಲೇಖನ ಬರೆದಿದ್ದೇನೆ, ಮುಂದಿನ ತಿಂಗಳು ಅಚ್ಚಾಗುತ್ತದೆ ಎಂದು ದೊಡ್ಡವರ ಕಡೆ ತಿರುಗಿ ಹೇಳಿದಳು. ದೊಡ್ಡವರು ಚಪ್ಪಾಳೆ ತಟ್ಟಿದರು. ತೆಪ್ಪೇ ಎಲ್ಲರಿಗಿಂತ ಜೋರಾಗಿ ತಟ್ಟಿದ, ಮಗಳು ಕಂಡುಹಿಡಿದಳಲ್ಲ.

ಮಿಸಾತೊ ಅತ್ತೆಯ ಮುಖ ನೋಡಿ, ತೋಳು ಹಿಡಿದು ಹೊರಗಿನ ಪಡಸಾಲೆಗೆ ಕರೆತಂದು ಕೂರಿಸಿ, ಬಿಸಿ ಚಹಾ ತರಲು ಹೋದಳು. ಬೆಂಚಿನ ಪಕ್ಕದಲ್ಲಿ ನಿಮ್ಮ ಅಭಿಪ್ರಾಯ ತಿಳಿಸಿ ಎಂಬ ಪೆಟ್ಟಿಗೆಯಿತ್ತು, ಪಕ್ಕದಲ್ಲಿ ಚೀಟಿಗಳು. ಹೆಸರು ಬೇಕಾಗಿರಲಿಲ್ಲ. ಕಿನುಯೊ ಮೋಟು ಪೆನ್ಸಿಲ್ಲಿನಲ್ಲಿ, ಕೆಳಗಿನ ಗುಬ್ಬಚ್ಚಿಯ ಕಾಲು ಸನ್ಯಾಸಿ ಬರೆದದ್ದಲ್ಲ, ತೇಪೆಯ ಮೇಲೆ ಬರೆದದ್ದು, ದಯವಿಟ್ಟು ಪರೀಕ್ಷಿಸಿ, ಎಂದು ಬರೆದಳು. ಚೀಟಿಯನ್ನು ನಾಲ್ಕಾಗಿ ಮಡಚಿದಳು. ಹಾಕಿಬಿಟ್ಟರೆ ಆಯಿತು, ಆ ಹುಡುಗಿಗೂ ಗೊತ್ತಾಗುತ್ತದೆ, ತನ್ನ ತಲೆಯೂ ಉಳಿಯುತ್ತದೆ.

"ಏನ್ ಬರೆದೆ ಅಜ್ಜಿ?" ಸುಜು ಬಂದು ಮಂಡಿಗೆ ಒರಗಿದಳು.

ಸುಳ್ಳು ಹೇಳಬಹುದಿತ್ತು. ಮೂರು ದಿನದ ಹಿಂದೆ ಈ ಮಗುವಿನ ಕುತ್ತಿಗೆಯ ಮೇಲೆ ಕೈಯಿಟ್ಟು ಬಗ್ಗಿಸಿದ್ದು ನೆನಪಾಯಿತು.

"ಆ ಮೂರು ಬೆರಳಿದೆಯಲ್ಲ, ಅದನ್ನ ಬರೆದದ್ದು ಅಜ್ಜಿ."

ಸುಜು ಮಂಡಿಯಿಂದ ತಲೆ ಎತ್ತಿದಳು. "ಇನ್ನೊಬ್ಬರ ಕಾಗದದ ಮೇಲಾ?"

"ಹೂಂ."

"ರಿನ್ ಬೆಕ್ಕಿನ ಥರಾನಾ?"

"ಅದೇ ಥರಾನೇ."

"ಹಾಗಾದ್ರೆ ಚೀಟಿ ಹಾಕಿದ್ರೆ ಆಗಲ್ಲ," ಎಂದಳು ಸುಜು, ಗೊತ್ತಿದ್ದವಳ ಹಾಗೆ. "ಹೋಗಿ ಬಗ್ಗಬೇಕು. ನಾನೂ ಬರ್ತೀನಿ ಬಾ. ಆದ್ರೆ ನಮ್ಮ ಹತ್ರ ಮಿಠಾಯಿ ಡಬ್ಬಿ ಇಲ್ವಲ್ಲಾ."

ಚಹಾ ಹಿಡಿದು ಬಂದ ಮಿಸಾತೊ, ಅವಳ ಹಿಂದೆ ಬಂದ ತೆಪ್ಪೇ, ಇಬ್ಬರೂ ಇದನ್ನು ಕೇಳಿಸಿಕೊಂಡು ನಿಂತರು. ಕಿನುಯೊ ನಾಲ್ಕು ಮಾತಿನಲ್ಲಿ ಎಲ್ಲ ಹೇಳಿದಳು. ತೆಪ್ಪೇ ಗಡ್ಡ ಕೆರೆದುಕೊಂಡ.

"ಐವತ್ತು ವರ್ಷ ಆಯ್ತಲ್ಲಮ್ಮಾ. ಯಾರಿಗೂ ಗೊತ್ತಿಲ್ಲ. ಬಿಡು, ಊಟಕ್ಕೆ ಹೋಗೋಣ."

"ಗೊತ್ತಿಲ್ಲ ಅನ್ನೋದೇ ಕಷ್ಟ ಕಣೋ. ಆ ಹುಡುಗಿ ಅದನ್ನ ಅಚ್ಚು ಹಾಕಿಸ್ತಿದ್ದಾಳೆ. ನಾನು ಬಾಯಿ ಮುಚ್ಕೊಂಡ್ರೆ, ಇನ್ನು ನೂರು ವರ್ಷ ಎಲ್ಲರೂ ನಾನು ಬರೆದ ಕಾಲನ್ನೇ ಸನ್ಯಾಸಿದು ಅಂತ ಓದ್ತಾರೆ."

ಮಿಸಾತೊ ಚಹಾದ ಲೋಟ ಅತ್ತೆಯ ಕೈಗೆ ಕೊಟ್ಟು, ನೆಟ್ಟಗೆ ಸಂಗ್ರಹಾಲಯದ ಅಂಗಡಿಗೆ ಹೋಗಿ ಇದ್ದದ್ದರಲ್ಲಿ ದೊಡ್ಡ ಮಿಠಾಯಿ ಡಬ್ಬಿ ತಂದಳು. ಗುಬ್ಬಚ್ಚಿ ಆಕಾರದ, ಕಾಳಿನ ಹೂರಣದ ಮಿಠಾಯಿ, ಡಬ್ಬಿಯ ಮೇಲೆ ದೊಡ್ಡದಾಗಿ ಆ ಮೂರು ಬೆರಳಿನ ಕಾಲಿನದೇ ಚಿತ್ರ. ತೆಪ್ಪೇ ಅದನ್ನು ನೋಡಿ, ಅವರ ಮಿಠಾಯಿ ಅವರಿಗೇ ಕೊಡಬೇಕಾ ಎಂದ. ಕಿನುಯೊಗೆ ಆ ಹೊತ್ತಿನಲ್ಲೂ ನಗು ಬಂತು. ಚೀಟಿಯನ್ನು ಜೇಬಿಗೆ ಹಾಕಿಕೊಂಡು ಅವಳು ಎದ್ದಳು.

ಫುಕುಮಾಳ ಕೋಣೆ ಚಿಕ್ಕದು, ಎರಡು ಕುರ್ಚಿಗೆ ಮಾತ್ರ ಜಾಗ. ಕಿನುಯೊ ಕೂರಲಿಲ್ಲ. ಡಬ್ಬಿ ಎರಡು ಕೈಯಲ್ಲಿ ಮುಂದಿಟ್ಟು, ಸೊಂಟ ಬಗ್ಗಿಸಿ ನಿಂತಳು. ಪಕ್ಕದಲ್ಲಿ ಸುಜುವೂ ಬಗ್ಗಿದಳು, ಅಜ್ಜಿ ಏಳುವವರೆಗೆ ಏಳಬಾರದೆಂದು ಓರೆಗಣ್ಣಿನಲ್ಲಿ ನೋಡುತ್ತಾ. ಬಗ್ಗಿಕೊಂಡೇ ಕಿನುಯೊ ಹೇಳಿದಳು. ವರ್ಷ, ತಿಂಗಳು, ಯಾರ ಕೆಲಸದಮನೆ, ಯಾವ ಕುಂಚ, ಎಷ್ಟು ಗೆರೆ. ತನ್ನ ಮೇಷ್ಟ್ರಿಗೆ ಗೊತ್ತಿರಲಿಲ್ಲ, ಅವರಿಗೆ ಕಣ್ಣು ಮಂಜಾಗಿತ್ತು, ತಪ್ಪು ತನ್ನದು, ಕೆಲಸದಮನೆಯದಲ್ಲ ಎಂಬುದನ್ನು ಎರಡು ಸಲ ಹೇಳಿದಳು.

ಫುಕುಮಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಅವಳ ಮುಖದ ಮೇಲಿದ್ದ ಉತ್ಸಾಹ ಇಳಿದುಹೋಗುವುದನ್ನು ನೋಡುವುದು ಕಿನುಯೊಗೆ ಬೈಗುಳಕ್ಕಿಂತ ಕಷ್ಟವಾಯಿತು. ಮೂರು ತಿಂಗಳ ಕೆಲಸ ಈ ಹುಡುಗಿಯದು, ತನ್ನ ಮೂರು ಗೆರೆಯಿಂದ ನೀರುಪಾಲಾಯಿತು.

"ಮೂಲದ ಮೇಲೆ ಶಾಯಿ ತಾಗಿದೆಯಾ?" ಎಂದಳು ಫುಕುಮಾ.

"ಇಲ್ಲ. ಮೂರು ಗೆರೆಯೂ ನನ್ನ ತೇಪೆ ಒಳಗೇ ಇವೆ. ಅವರ ಕಾಗದದ ಮೇಲೆ ಒಂದು ಚುಕ್ಕೆ ಇಲ್ಲ. ಹಳೇ ಅಂಟು, ಹನ್ನೆರಡು ವರ್ಷದ್ದು. ಒದ್ದೆ ಕುಂಚ ತಾಗಿಸಿ ಕಾಯ್ದರೆ ಬಿಟ್ಟುಕೊಡುತ್ತೆ."

ಮಧ್ಯಾಹ್ನದ ಊಟದ ಹೊತ್ತಾದ್ದರಿಂದ ಕೊನೆಯ ಕೋಣೆ ಖಾಲಿಯಿತ್ತು. ಫುಕುಮಾ ಚಿತ್ರದ ಮುಂದಿದ್ದ ಗಾಜಿನ ಬಾಗಿಲು ತೆರೆದು, ಭೂತಗನ್ನಡಿ ಹಿಡಿದು ಚಿತ್ರದ ಮುಂದೆ ಮಂಡಿಯೂರಿದಳು. ಕಿನುಯೊ ಹಿಂದೆ ನಿಂತು, ಕೈ ಬೆನ್ನಿಗೆ ಕಟ್ಟಿಕೊಂಡೇ ದಾರಿ ಹೇಳಿದಳು. ಕಾಲಿನಿಂದ ಎಡಕ್ಕೆ ಒಂದು ಅಕ್ಕಿಕಾಳಿನಷ್ಟು. ಅಲ್ಲಿಂದ ಮೇಲೆ. ಕಾಗದದ ನಾರು ಅಡ್ಡ ತಿರುಗುವುದು ಕಾಣುತ್ತದೆಯೇ? ಮೊದಲು ಇಲ್ಲ ಎಂದಳು ಫುಕುಮಾ. ಆಮೇಲೆ ಕನ್ನಡಿಯನ್ನು ತೇಪೆಯ ಸುತ್ತ ಮೆಲ್ಲಗೆ ಒಂದು ಸುತ್ತು ತಂದಳು, ಮತ್ತೊಂದು ಸುತ್ತು ತಂದಳು.

"ಮೂರು ತಿಂಗಳು ದಿನಾ ಇದೇ ಜಾಗ ನೋಡಿದ್ದೀನಿ," ಎಂದಳು ಕೊನೆಗೆ. "ನನಗೆ ಅಂಚೇ ಕಂಡಿರಲಿಲ್ಲ. ಇಂಥ ತೇಪೆ ನಾನು ನೋಡೇ ಇಲ್ಲ."

"ಅದು ನನ್ನ ಕೆಲಸ," ಎಂದಳು ಕಿನುಯೊ. "ಆ ಗೆರೆ ನನ್ನ ಕೆಲಸ ಅಲ್ಲ."

ಹೇಳಿ ಮುಗಿಸುವಷ್ಟರಲ್ಲಿ ಅವಳ ಕಣ್ಣೀರು ಕಿತ್ತುಕೊಂಡು ಬಂತು. ಬಾಗಿಲಲ್ಲಿ ನಿಂತಿದ್ದ ಮಿಸಾತೊ ಅತ್ತೆಯನ್ನು ನೋಡಿದಳು. ಮದುವೆಯಾಗಿ ಬಂದ ಎಂಟು ವರ್ಷದಲ್ಲಿ ಈ ಹೆಂಗಸಿನ ಬಿಗಿಗೆ ಅವಳು ಒಳಗೊಳಗೇ ಎಷ್ಟೋ ಸಲ ಗೊಣಗಿದ್ದಳು. ಅವತ್ತು, ನನ್ನ ಮಗಳು ಈ ಮನೆಯಲ್ಲಿ ಬೆಳೆಯುವುದು ನನ್ನ ಪುಣ್ಯ ಎಂದುಕೊಂಡಳು. ಈ ಮಾತನ್ನು ಅವಳು ಅತ್ತೆಗೆ ಇನ್ನೂ ಹೇಳಿಲ್ಲ, ಆದರೆ ಸಾರಿಗೆ ಹಾಕುವ ಚಿಪ್ಪುಮೀನು ತರಲು ಈಗ ಬೆಳಿಗ್ಗೆ ಅತ್ತೆಯ ಬದಲು ಅವಳೇ ಎದ್ದುಹೋಗುತ್ತಾಳೆ.

ಆ ತೇಪೆ ತೆಗೆದು ಗೆರೆಯಿಲ್ಲದ ತೇಪೆ ಹಾಕಿಕೊಡುತ್ತೇನೆ ಎಂದು ಕಿನುಯೊ ಕೇಳಿಕೊಂಡಳು. ಮಠದವರನ್ನು ಕೇಳದೆ ಆಗುವುದಿಲ್ಲ ಎಂದಳು ಫುಕುಮಾ. ಮರುದಿನ ಕಿನುಯೊ ಇನ್ನೊಂದು ಡಬ್ಬಿ ಹಿಡಿದು ಬಿದಿರಿನ ಮಠಕ್ಕೆ ಹೋದಳು. ಈಗಿನ ಗುರುಗಳು ಆ ವಯಸ್ಸಾದ ತಾಯಿಯ ಮೊಮ್ಮಗ. ಅವರು ಎಲ್ಲ ಕೇಳಿ, ವೈದ್ಯರ ಮಾತು ಸುಳ್ಳು ಮಾಡಿ ಅಜ್ಜಿ ಇನ್ನೂ ಆರು ಹೊಸವರ್ಷ ಕಂಡರು, ಪ್ರತಿ ಹೊಸವರ್ಷವೂ ಆ ಕೆಳಗಿನ ಗುಬ್ಬಚ್ಚಿಗೆ, ನಿಂತೆಯಲ್ಲ, ಎಂದು ಹೇಳುತ್ತಿದ್ದರು ಎಂದರು. ಹಾಗೆಂದು ತಪ್ಪು ಸರಿಯಾಗುವುದಿಲ್ಲ ಎಂದಳು ಕಿನುಯೊ. ಸರಿಯಾಗುವುದಿಲ್ಲ, ಆದರೆ ಅದನ್ನು ಬರೆದಿಟ್ಟರೆ ಸಾಕು, ಕಿತ್ತುಹಾಕಬೇಕಾಗಿಲ್ಲ ಎಂದು ಗುರುಗಳು ತೀರ್ಮಾನ ಹೇಳಿದರು. ಕಿನುಯೊಗೆ ಅದು ಪೂರ್ತಿ ಒಪ್ಪಿಗೆಯಾಗಲಿಲ್ಲ. ಈಗಲೂ ಆಗಿಲ್ಲ.

ಫುಕುಮಾ ಅಚ್ಚಿಗೆ ಹೋಗಿದ್ದ ಬರಹವನ್ನು ಹಿಂದಕ್ಕೆ ತರಿಸಿಕೊಂಡಳು. ಆಮೇಲೆ ಎರಡು ಸಲ ಕಿನುಯೊ ಮನೆಗೆ ಬಂದಳು. ನೆಲದ ಹಲಗೆ ಎತ್ತಿಸಿ ಜಾಡಿಗಳನ್ನು ನೋಡಿದಳು, ಅಂಟು ಮೂಸಿ ಮುಖ ಸಿಂಡರಿಸಿದಳು, ಪುಟಗಟ್ಟಲೆ ಬರೆದುಕೊಂಡಳು. ಏನು ಬರೆಯುತ್ತಾಳೋ ಬರೆಯಲಿ, ನನ್ನ ಹೆಸರು ಬೇಡ ಎಂದು ಕಿನುಯೊ ಮೊದಲೇ ಕಟ್ಟುಮಾಡಿದ್ದಳು. ಹುಡುಗಿ ಒಪ್ಪಲಿಲ್ಲ, ಕಿನುಯೊ ಬಿಡಲಿಲ್ಲ. ಕೊನೆಗೆ ಬಿಗಿಯೇ ಗೆದ್ದಿತು.

ಮಾರ್ಚ್ ತಿಂಗಳ ಮಕ್ಕಳ ದಿನಕ್ಕೆ ನಾಲ್ವರೂ ಮತ್ತೆ ಹೋದರು. ಗುಬ್ಬಚ್ಚಿಗಳ ಪಕ್ಕದಲ್ಲಿ ಹೊಸ ಚೀಟಿ ಬಂದಿತ್ತು. ದೊಡ್ಡವರಿಗೆ ಮೇಲೊಂದು, ಮಕ್ಕಳಿಗೆ ಕೆಳಗೊಂದು, ಸುಲಭದ ಅಕ್ಷರಗಳಲ್ಲಿ. ಅಕ್ಷರ ಕಲಿಯುತ್ತಿದ್ದ ಸುಜು ಕೈಗಳನ್ನು ಬೆನ್ನಹಿಂದೆ ಕಟ್ಟಿ, ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕೆಳಗಿನ ಗುಬ್ಬಚ್ಚಿಯ ಕಾಲು ಸನ್ಯಾಸಿ ಬರೆದದ್ದಲ್ಲ. ತುಂಬಾ ವರ್ಷದ ಮೇಲೆ ಚಿತ್ರ ಸರಿಮಾಡಿದವರು ಬರೆದದ್ದು.

ಕಿನುಯೊ ಆ ಸಾಲನ್ನು ಮಗುವಿನ ಬಾಯಲ್ಲಿ ಕೇಳಿದಳು, ಆಮೇಲೆ ತಾನೂ ಓದಿದಳು. ನಲವತ್ತೆಂಟು ವರ್ಷದಲ್ಲಿ ಅವಳು ಬೆನ್ನು ಕಟ್ಟಿ ನಿಲ್ಲಿಸಿದ ಚಿತ್ರಗಳು ನಾಲ್ಕು ನೂರಕ್ಕೂ ಹೆಚ್ಚು. ಅವಳ ಕೈ ಇಲ್ಲಿತ್ತು ಎಂದು ಗೋಡೆಯ ಮೇಲೆ ಹೇಳಿದ ಸಾಲು ಇದೊಂದೇ, ಅದೂ ತಪ್ಪಿಗಾಗಿ. ಅವಳಿಗೆ ನೋವಾಗಲಿಲ್ಲವೆಂದರೆ ಸುಳ್ಳು. ಆದರೆ ಎದೆ ಹಗುರವಾಗಿತ್ತು.

ಪಕ್ಕದಲ್ಲಿ ಅದೇ ಹಾಳೆ ಹಿಡಿದ ಒಬ್ಬ ಹುಡುಗ ಗುಬ್ಬಚ್ಚಿಗಳನ್ನು ಎಣಿಸುತ್ತಿದ್ದ. ಸುಜು ಅವನ ಹತ್ತಿರ ಸರಿದು ಬೆರಳು ತೋರಿಸಲು ಹೋಗಿ, ನೆನಪಾಗಿ, ಗಲ್ಲ ಚಾಚಿ ತೋರಿಸಿದಳು.

"ಆ ಕಾಲು ನಮ್ಮಜ್ಜಿ ಬರೆದದ್ದು. ಬರೀಬಾರ್ದಿತ್ತು, ಬರೆದ್ರು. ಆಮೇಲೆ ಬಂದು ಹೇಳಿದ್ರು."

ಹುಡುಗ ಕಿನುಯೊಳನ್ನು ಮೇಲಿಂದ ಕೆಳಗೆ ನೋಡಿದ. ಕಿನುಯೊ ಹೌದೆಂದು ತಲೆಯಾಡಿಸಿದಳು.